ಇದರೊಳಗೆ ಎಲ್ಲಿ?

"ನಾನು ಹೇಳಿದ್ದೆಲ್ಲ ಎಲ್ಲಿಕ್ಕಿದ್ದೀಯವ್ವ?"

ಆ ಅಜ್ಜಿ ಹೀಗೆ ಕೇಳಿದ್ದು ನಾನು ಮೂರನೇ ಸಲ ಅವರ ಮನೆಗೆ ಹೋದಾಗ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಬ್ಯಾಗಿನಿಂದ ಅಂಗೈಯಗಲದ ಕಪ್ಪು ಹಾರ್ಡ್ ಡಿಸ್ಕ್ ತೆಗೆದು ತೋರಿಸಿದೆ. ಅವರು ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡರು. ತೂಕ ನೋಡಿದರು. ತೆಂಗಿನಕಾಯಿಯಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಅಯ್ಯೋ ಅಜ್ಜಿ, ಅಲ್ಲಾಡಿಸಬೇಡಿ" ಎಂದೆ.

"ಇದ್ರೊಳಗೆ ಎಲ್ಲವ್ವ?"

"ಎಲ್ಲಾ ಕಡೆನೂ ಇರುತ್ತೆ ಅಜ್ಜಿ" ಎಂದು ನಕ್ಕೆ. ಅವರೂ ನಕ್ಕು ವಾಪಸ್ಸು ಕೊಟ್ಟರು. ನನಗೆ ಗೊತ್ತಿರಲಿಲ್ಲ, ಅದಕ್ಕೆ ಹಾಗೆ ಹೇಳಿದೆ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ನಗುವುದು ಸುಲಭವಾಗಿತ್ತು.

ನನ್ನ ಪಿಎಚ್‌ಡಿ ಇರುವುದು ಹೆಣ್ಣುಮಕ್ಕಳು ಬೀಸುವಾಗ, ನಾಟಿ ಮಾಡುವಾಗ, ಮದುವೆ ಮನೆಯಲ್ಲಿ ಹೇಳುವ ಪದಗಳ ಮೇಲೆ. ಈಗ ಯಾರ ಮನೆಯಲ್ಲೂ ರಾಗಿ ಬೀಸುವುದಿಲ್ಲವಾದ್ದರಿಂದ, ಬೀಸುವ ಪದವನ್ನು ಕೈಯಲ್ಲಿ ಗೂಟ ಹಿಡಿದಂತೆ ಗಾಳಿಯಲ್ಲಿ ತಿರುಗಿಸುತ್ತಾ ಹೇಳುತ್ತಾರೆ. ಒಂದು ಗಂಟೆಯ ರೆಕಾರ್ಡಿಂಗ್ ಸುಮಾರು ಒಂದು ಜಿಬಿ ಆಗುತ್ತದೆ. ಅದನ್ನೆಲ್ಲ ಫೆಲೋಶಿಪ್ಪಿನ ಮೊದಲ ಕಂತಿನಲ್ಲಿ ಕೊಂಡ ಒಂದು ಟಿಬಿ ಡಿಸ್ಕಿಗೆ ಹಾಕಿಡುತ್ತಿದ್ದೆ. ಹಾಸ್ಟೆಲಿಗೆ ಬಂದು ಹಾಡುಗಳನ್ನಷ್ಟೇ ಕತ್ತರಿಸಿ, ನಂಬರ್ ಹಾಕಿ, ಇಂಟರ್‌ನೆಟ್ಟಿಗೆ ಏರಿಸಿ, ಗೈಡಿಗೆ ಕಳಿಸುತ್ತಿದ್ದೆ. ನಡುವಿನ ಮಾತು, ಕೆಮ್ಮು, ಕೋಳಿ ಕೂಗು, ಬಸ್ಸಿನ ಹಾರನ್ನು ಎಲ್ಲವೂ ಮೂಲ ಫೈಲಿನಲ್ಲಿ ಉಳಿಯುತ್ತಿತ್ತು. ಮೂಲ ಫೈಲು ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಕತ್ತರಿಸಿ ಬಿಟ್ಟದ್ದಕ್ಕೆ ಇನ್ನೊಂದು ಪ್ರತಿ ಯಾಕೆ ಎಂದುಕೊಂಡಿದ್ದೆ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಅಜ್ಜಿ ತೀರಿಕೊಂಡರು. ತಿಥಿ ಕಳೆದ ಮೇಲೆ ಅವರ ಸೊಸೆ ಫೋನ್ ಮಾಡಿದರು. "ಅತ್ತೆ ದನಿ ಬೇಕಾಗಿತ್ತು ಕಣವ್ವ" ಎಂದರು. ಹಾಡುಗಳನ್ನು ಇವತ್ತೇ ಕಳಿಸುತ್ತೇನೆ ಅಕ್ಕ ಎಂದೆ. "ಹಾಡು ಬ್ಯಾಡ. ಹಾಡು ನಂಗೂ ಬತ್ತದೆ. ಅವರು ಸುಮ್ಕೆ ಮಾತಾಡಿದ್ದು ಏನಾದ್ರೂ ಇದ್ರೆ ಕೊಡು."

ಇದೆ ಎಂದೆ. ಹನ್ನೊಂದು ಗಂಟೆಯಷ್ಟು ಇದೆ. ಮುಂದಿನ ತಿಂಗಳು ನಾನೇ ಬಂದು ಕೊಡುತ್ತೇನೆ ಎಂದೆ.

ಮುಂದಿನ ತಿಂಗಳು ಬರುವುದರೊಳಗೆ ಒಂದು ರಾತ್ರಿ ಬಂತು. ರೂಮಿನ ಗೆಳತಿಯ ಲ್ಯಾಪ್‌ಟಾಪ್ ಕೆಟ್ಟಿತ್ತು. ಅದಕ್ಕೆ ಉಬುಂಟು ಹಾಕಿಕೊಡುತ್ತೇನೆ ಎಂದು ಪೆನ್‌ಡ್ರೈವ್ ತಯಾರು ಮಾಡಲು ಕೂತೆ. ನಾನು ಕಂಪ್ಯೂಟರ್ ಓದಿದವಳಲ್ಲ. ಆದರೆ ಲಿನಕ್ಸ್ ಬಳಸಲು ಶುರುಮಾಡಿ ನಾಲ್ಕು ವರ್ಷವಾಗಿತ್ತು, ಕಪ್ಪು ಪರದೆಯ ಮೇಲೆ ಟೈಪ್ ಮಾಡುವುದರಲ್ಲಿ ಒಂದು ಸಣ್ಣ ಜಂಬವೂ ಬಂದಿತ್ತು. 'ಡಿಡಿ' ಎಂಬ ಆಜ್ಞೆಯೊಂದಿದೆ. ಪರೀಕ್ಷಾ ಶುಲ್ಕಕ್ಕೆ ಬ್ಯಾಂಕಿನಲ್ಲಿ ತೆಗೆಸುವ ಡಿಡಿ ಅಲ್ಲ. ಒಂದು ಕಡೆಯಿಂದ ಬೈಟುಗಳನ್ನು ತೆಗೆದು ಇನ್ನೊಂದು ಕಡೆ ಹಾಗೇ ಸುರಿಯುವ ಆಜ್ಞೆ. ಎಲ್ಲಿಗೆ ಸುರಿಯಬೇಕು ಎಂದು ನಾವು ಹೇಳಬೇಕು. ಅದು ಮರುಪ್ರಶ್ನೆ ಕೇಳುವುದಿಲ್ಲ. ಹಿಂದಿನ ವಾರ ಇದೇ ಕೆಲಸ ಮಾಡಿದ್ದಾಗ ಪೆನ್‌ಡ್ರೈವಿನ ಹೆಸರು 'ಎಸ್‌ಡಿಬಿ' ಆಗಿತ್ತು. ಮೇಲಿನ ಬಾಣದ ಕೀಲಿ ಒತ್ತಿ ಅದೇ ಹಳೆಯ ಸಾಲನ್ನು ಮತ್ತೆ ತಂದು ಎಂಟರ್ ಒತ್ತಿದೆ.

ಪೆನ್‌ಡ್ರೈವಿನ ದೀಪ ಮಿನುಗಲಿಲ್ಲ. ಪಕ್ಕದಲ್ಲಿ ಕೇಬಲ್ಲಿಗೆ ಸಿಕ್ಕಿಸಿಟ್ಟಿದ್ದ ಕಪ್ಪು ಡಿಸ್ಕಿನ ದೀಪ ಮಿನುಗುತ್ತಿತ್ತು.

ಅರ್ಥವಾಗಲು ನಾಲ್ಕೈದು ಸೆಕೆಂಡು ಹಿಡಿಯಿತು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದಾಗ ಸುಮಾರು 900 ಎಂಬಿ ಬರೆದಾಗಿದೆ ಎಂದು ಪರದೆ ಹೇಳಿತು. ಡಿಸ್ಕ್ ತೆಗೆದು ಮತ್ತೆ ಸಿಕ್ಕಿಸಿದೆ. ನನ್ನ ಫೋಲ್ಡರುಗಳಿದ್ದ ಜಾಗದಲ್ಲಿ ಉಬುಂಟುವಿನ ಹೆಸರಿನ ಒಂದು ಪುಟ್ಟ ಡಿಸ್ಕಿನ ಚಿತ್ರ ಕಾಣಿಸಿತು. ಊರುಗಳ ಹೆಸರಿಟ್ಟಿದ್ದ ಫೋಲ್ಡರುಗಳು ಒಂದೂ ಇರಲಿಲ್ಲ.

ಯಾಕೆ ಹೀಗಾಯಿತು ಎಂದು ನನಗೆ ತಿಳಿದದ್ದು ಆಮೇಲೆ. ಲಿನಕ್ಸ್ ಇಂಥ ಡಿಸ್ಕುಗಳಿಗೆ ಕಂಡ ಸರತಿಯಲ್ಲಿ ಹೆಸರಿಡುತ್ತದೆ. ಮೊದಲು ಕಂಡದ್ದು ಎಸ್‌ಡಿಎ, ಎರಡನೆಯದು ಎಸ್‌ಡಿಬಿ, ಮೂರನೆಯದು ಎಸ್‌ಡಿಸಿ. ಒಂದು ಡಿಸ್ಕಿನ ಒಳಗಿನ ಹೋಳುಗಳಿಗೆ, ಅಂದರೆ ಪಾರ್ಟಿಷನ್ನುಗಳಿಗೆ, ಹೆಸರಿನ ಮುಂದೆ ಅಂಕಿ: ಎಸ್‌ಡಿಬಿ1, ಎಸ್‌ಡಿಬಿ2. ಈ ಹೆಸರು ಬ್ಯಾಂಕಿನಲ್ಲಿ ಕೊಡುವ ಟೋಕನ್ ಇದ್ದ ಹಾಗೆ. ನಿನ್ನೆ ನಿಮ್ಮ ಕೈಲಿದ್ದ ನಂಬರ್ ಇವತ್ತು ಇನ್ನೊಬ್ಬರದ್ದು. ಆ ರಾತ್ರಿ ಹಾರ್ಡ್ ಡಿಸ್ಕ್ ಮೊದಲೇ ಸಿಕ್ಕಿಸಿತ್ತು, ಹಾಗಾಗಿ ಎಸ್‌ಡಿಬಿ ಅದೇ. ಪೆನ್‌ಡ್ರೈವ್ ಎಸ್‌ಡಿಸಿ. ಎಂಟರ್ ಒತ್ತುವ ಮೊದಲು 'ಎಲ್‌ಎಸ್‌ಬಿಎಲ್‌ಕೆ' ಎಂಬ ಐದು ಅಕ್ಷರ ಟೈಪ್ ಮಾಡಿದ್ದರೆ ಸಾಕಿತ್ತು.

ಲಿನಕ್ಸನ್ನು ಬರೆದ ಲೀನಸ್ ಟೊರ್ವಾಲ್ಡ್ಸ್ ಕೂಡ ತೀರಾ ಆರಂಭದ ದಿನಗಳಲ್ಲಿ ಇಂಥದ್ದೇ ತಪ್ಪು ಮಾಡಿದ್ದರಂತೆ. ಮೋಡೆಮ್ಮಿಗೆ ಹೋಗಬೇಕಿದ್ದ ಡಯಲ್ ಮಾಡುವ ಸೂಚನೆಯನ್ನು ತಮ್ಮ ಹಾರ್ಡ್ ಡಿಸ್ಕಿಗೆ ಕಳಿಸಿ, ಅದರಲ್ಲಿದ್ದ ಮಿನಿಕ್ಸ್ ಪಾರ್ಟಿಷನ್ನನ್ನು ಹಾಳುಮಾಡಿಕೊಂಡದ್ದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಿನಿಕ್ಸನ್ನು ಮತ್ತೆ ಹಾಕುವ ಬದಲು ತಮ್ಮ ಲಿನಕ್ಸಿನಲ್ಲೇ ಮುಂದುವರಿದರು. ಕೆಲವರಿಗೆ ತಪ್ಪಿನಿಂದಲೂ ದಾರಿ ಸಿಗುತ್ತದೆ. ನನ್ನ ತಪ್ಪಿನಲ್ಲಿ ಹೋದದ್ದು ನನ್ನದಾಗಿರಲಿಲ್ಲ.

ಬೆಳಿಗ್ಗೆ ಗೈಡಿಗೆ ಹೇಳಿದೆ. ಅವರು ಒಳ್ಳೆಯವರು, ಬೈಯಲಿಲ್ಲ. "ಹಾಡುಗಳೆಲ್ಲ ನನ್ನ ಹತ್ತಿರ ಇವೆಯಲ್ಲಮ್ಮ. ಥೀಸಿಸ್‌ಗೆ ಏನೂ ತೊಂದರೆಯಿಲ್ಲ" ಎಂದರು. ಸಮಾಧಾನಕ್ಕೆ ಹೇಳಿದ ಮಾತು, ನಿಜವೂ ಹೌದು. ಆದರೆ ನನಗೆ ಅಳು ಬಂದದ್ದು ಆಗಲೇ. ಥೀಸಿಸ್‌ಗೆ ತೊಂದರೆಯಿಲ್ಲ ಎಂಬ ಮಾತನ್ನು ಆ ಸೊಸೆಗೆ ಹೇಗೆ ಹೇಳಲಿ?

ಕಂಪ್ಯೂಟರ್ ವಿಭಾಗದಲ್ಲಿ ಎಂಟೆಕ್ ಓದುವ ಒಬ್ಬ ಹುಡುಗನಿದ್ದಾನೆ. ಮೆಸ್ಸಿನಲ್ಲಿ ಪರಿಚಯ, ನನ್ನನ್ನು ಅಕ್ಕ ಅನ್ನುತ್ತಾನೆ. ಅವನು ಬಂದವನೇ ಕೇಳಿದ ಮೊದಲ ಪ್ರಶ್ನೆ, "ಆಮೇಲೆ ಅದರ ಮೇಲೆ ಏನಾದ್ರೂ ಬರೆದ್ರಾ ಅಕ್ಕ?" ಇಲ್ಲ ಎಂದೆ. "ಹಾಗಾದ್ರೆ ಅರ್ಧ ಬದುಕಿದ್ವಿ. ಈಗ ಸ್ವಲ್ಪ ಹೊತ್ತು ಕೈ ಕಟ್ಕೊಂಡು ಕೂತ್ಕೊಳ್ಳಿ" ಎಂದ. ಫಾರ್ಮ್ಯಾಟ್ ಮಾಡಲೇ ಎಂದು ಯಾವ ಕಿಟಕಿ ಕೇಳಿದರೂ ಬೇಡ ಎನ್ನಬೇಕು, ರಿಪೇರಿ ಮಾಡಲೇ ಎಂದರೂ ಬೇಡ ಎನ್ನಬೇಕು. ಮೊದಲು ಎಲ್ಲಿ ಏನಿದೆ ನೋಡೋಣ, ಆಮೇಲೆ ಮುಟ್ಟೋಣ. ಇದು ಅವನ ಸೂತ್ರ.

ನೋಡುವುದಕ್ಕೆ ಒಂದಲ್ಲ, ನಾಲ್ಕಾರು ಆಜ್ಞೆಗಳಿವೆ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಬಳಸುತ್ತಿದ್ದದ್ದು 'ಡಿಎಫ್' ಒಂದೇ. ಎಷ್ಟು ಜಾಗ ತುಂಬಿದೆ, ಎಷ್ಟು ಖಾಲಿ ಇದೆ ಎಂದು ಅದು ಹೇಳುತ್ತದೆ. ಆದರೆ ಮೌಂಟ್ ಆದದ್ದರ ಬಗ್ಗೆ ಮಾತ್ರ, ಅಂದರೆ ನಮ್ಮ ಫೋಲ್ಡರುಗಳ ಮರಕ್ಕೆ ಕಸಿ ಕಟ್ಟಿದ ಫೈಲ್ ಸಿಸ್ಟಮ್ಮುಗಳ ಬಗ್ಗೆ ಮಾತ್ರ. ಕಸಿ ಕಟ್ಟದೆ ಇರುವ ಹೋಳು ಡಿಸ್ಕಿನಲ್ಲಿ ಇದ್ದರೂ ಡಿಎಫ್‌ನ ಲೆಕ್ಕಕ್ಕೆ ಇಲ್ಲ. 'ಎಲ್‌ಎಸ್‌ಬಿಎಲ್‌ಕೆ' ಹಾಗಲ್ಲ. ಯಂತ್ರಕ್ಕೆ ಸಿಕ್ಕಿಸಿರುವ ಎಲ್ಲ ಡಿಸ್ಕುಗಳನ್ನೂ, ಅವುಗಳ ಕೆಳಗೆ ಹೋಳುಗಳನ್ನೂ, ವಂಶವೃಕ್ಷದ ಹಾಗೆ ಬರೆದು ತೋರಿಸುತ್ತದೆ. 'ಬಿಎಲ್‌ಕೆಐಡಿ' ಪ್ರತಿ ಹೋಳಿನಲ್ಲೂ ಯಾವ ಬಗೆಯ ಫೈಲ್ ಸಿಸ್ಟಮ್ ಇದೆ, ಅದರ ಯುಯುಐಡಿ ಏನು ಎಂದು ಹೇಳುತ್ತದೆ. ಫಾರ್ಮ್ಯಾಟ್ ಮಾಡಿದ ದಿನ ಒಳಗೇ ಬರೆದುಕೊಂಡ ಉದ್ದನೆಯ ಗುರುತು ಅದು. ಯಾವ ಸರತಿಯಲ್ಲಿ ಸಿಕ್ಕಿಸಿದರೂ ಬದಲಾಗುವುದಿಲ್ಲ. ಟೋಕನ್ ನಂಬರನ್ನು ನಂಬಿ ಕೆಟ್ಟವಳಿಗೆ ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ ಅನ್ನಿಸಿತು. ಹೇಳಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ನಮ್ಮ ಡಿಸ್ಕಿಗೆ ಇವೆಲ್ಲ ಒಂದೇ ಸುಳ್ಳನ್ನು ಹೇಳಿದವು: ಇದು ಉಬುಂಟು ಡಿಸ್ಕ್, ಇದರ ಹೋಳು ಕೆಲವೇ ಜಿಬಿಯದ್ದು. ಆದರೆ ಅದರ ಮೇಲಿನ ಸಾಲು ಮಾತ್ರ ನಿಜ ಹೇಳುತ್ತಿತ್ತು. ಡಿಸ್ಕಿನ ಪೂರ್ತಿ ಅಳತೆ ಇನ್ನೂ ಒಂದು ಟಿಬಿ. 'ಎಫ್‌ಡಿಸ್ಕ್' ಅದನ್ನು ಸೆಕ್ಟರುಗಳಲ್ಲಿ ಹೇಳಿತು: 195,35,25,168. ಒಂದೊಂದು ಸೆಕ್ಟರಿಗೆ 512 ಬೈಟು. "ನೋಡಿ ಅಕ್ಕ, ಜಮೀನು ಎಲ್ಲೂ ಹೋಗಿಲ್ಲ. ಪಹಣಿ ಮೇಲೆ ಬೇರೆ ಯಾರದ್ದೋ ಹೆಸರು ಬಂದಿದೆ ಅಷ್ಟೆ" ಎಂದ.

ನಮ್ಮ ಮನೆಯಲ್ಲಿ ಪಾರ್ಟಿಷನ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಪ್ಪ ಚಿಕ್ಕಪ್ಪಂದಿರು ಭಾಗವಾದಾಗ. ಹಾಗಾಗಿ ಈ ಹೋಲಿಕೆ ತಕ್ಷಣ ತಲೆಗೆ ಹೋಯಿತು. ಡಿಸ್ಕಿನ ಆರಂಭದಲ್ಲಿ ಒಂದು ಭಾಗಪತ್ರ ಇರುತ್ತದೆ. ಯಾವ ಹೋಳು ಎಷ್ಟನೇ ಸೆಕ್ಟರಿನಿಂದ ಎಷ್ಟನೇ ಸೆಕ್ಟರಿನವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಇದಕ್ಕೆ ಇದ್ದದ್ದು ಮೊದಲ ಸೆಕ್ಟರಿನ ಬರೀ 64 ಬೈಟು. 16 ಬೈಟಿನ ನಾಲ್ಕು ಸಾಲು. ಹಾಗಾಗಿ ಮುಖ್ಯ ಹೋಳುಗಳು ನಾಲ್ಕಕ್ಕಿಂತ ಹೆಚ್ಚಿರಲು ಸಾಧ್ಯವಿರಲಿಲ್ಲ. ಸೆಕ್ಟರ್ ನಂಬರ್ ಬರೆಯಲು 32 ಬಿಟ್ ಮಾತ್ರ ಇದ್ದದ್ದರಿಂದ ಸುಮಾರು ಎರಡು ಟಿಬಿಯ ಆಚೆಗೆ ಲೆಕ್ಕವೇ ಇಲ್ಲ. ಈಗಿನ ಜಿಪಿಟಿ ಪದ್ಧತಿ ಹೆಚ್ಚು ಉದಾರಿ, ಹೆಚ್ಚು ಜಾಗರೂಕ. ಸಾಮಾನ್ಯವಾಗಿ 128 ಹೋಳುಗಳಿಗೆ ಜಾಗ ಇಟ್ಟಿರುತ್ತದೆ, ಮತ್ತು ಭಾಗಪತ್ರದ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಬರೆದಿಡುತ್ತದೆ. ಮುಂದಿನದು ಹರಿದರೂ ಹಿಂದಿನದು ಇರಲಿ ಎಂದು.

ಭಾಗಪತ್ರವೇ ಇಲ್ಲ ಎಂದುಕೊಳ್ಳೋಣ. ಆಗಲೂ ಹೊಲದಲ್ಲಿ ನೆಟ್ಟ ಹದ್ದಿನ ಕಲ್ಲು ಇರುತ್ತದೆ. ನನ್ನ ರೆಕಾರ್ಡಿಂಗುಗಳಿದ್ದದ್ದು ಎಕ್ಸ್ಟ್4 ಎಂಬ ಫೈಲ್ ಸಿಸ್ಟಮ್ಮಿನಲ್ಲಿ. ಅದು ತನ್ನ ಹೋಳಿನ ಆರಂಭದಿಂದ ಸರಿಯಾಗಿ 1024 ಬೈಟು ಬಿಟ್ಟು, ಸೂಪರ್‌ಬ್ಲಾಕ್ ಎಂಬ ಕಡೆ ತನ್ನ ಜಾತಕವನ್ನೆಲ್ಲ ಬರೆದುಕೊಂಡಿರುತ್ತದೆ. ಅದರೊಳಗೆ ಒಂದು ನಿಶ್ಚಿತ ಜಾಗದಲ್ಲಿ ಎರಡೇ ಬೈಟಿನ ಒಂದು ಮುದ್ರೆ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗಿ, ಆ ಮುದ್ರೆ ಕಂಡಲ್ಲಿ ನಿಂತು, ಸುತ್ತಲಿನ ಲೆಕ್ಕ ತಾಳೆ ನೋಡಿದರೆ ಹೋಳು ಎಲ್ಲಿ ಶುರುವಾಗುತ್ತದೆ ಎಂದು ಹೇಳಬಹುದು. ಈ ಕೆಲಸ ಮಾಡುವುದಕ್ಕೇ 'ಟೆಸ್ಟ್‌ಡಿಸ್ಕ್' ಎಂಬ ಉಚಿತ ತಂತ್ರಾಂಶವಿದೆ. ಬರೆದವರು ಕ್ರಿಸ್ತೋಫ್ ಗ್ರೆನಿಯೇ. ಇಂಥವರ ಹೆಸರನ್ನು ನಾವು ಕೇಳುವುದೇ ಏನಾದರೂ ಕಳೆದುಹೋದ ದಿನ.

ಆದರೆ ಹುಡುಕುವುದಕ್ಕೂ ಮೊದಲು ನಕಲು. ಹುಡುಗ ಎರಡು ಟಿಬಿಯ ಡಿಸ್ಕೊಂದನ್ನು ಎಲ್ಲಿಂದಲೋ ಸಾಲ ತಂದ. 'ಡಿಡಿರೆಸ್ಕ್ಯೂ' ಎಂಬ ಆಜ್ಞೆಯಿಂದ ನನ್ನ ಡಿಸ್ಕನ್ನು ಬೈಟಿಗೆ ಬೈಟು ಒಂದೇ ದೊಡ್ಡ ಫೈಲಾಗಿ ಇಳಿಸಿಕೊಳ್ಳುವುದು, ಇನ್ನು ಮುಂದೆ ಏನೇ ಮಾಡಿದರೂ ಆ ನಕಲಿನ ಮೇಲೆ ಎಂದು ತೀರ್ಮಾನವಾಯಿತು. ಆಜ್ಞೆ ಟೈಪ್ ಮಾಡಿದ ಮೇಲೆ ಅವನು ಎಂಟರ್ ಒತ್ತಲು ನನಗೆ ಬಿಟ್ಟ. ನಾನು ಒತ್ತಲಿಲ್ಲ. ಯಾವುದು ಮೂಲ, ಯಾವುದು ಗುರಿ ಎಂದು ಎಲ್‌ಎಸ್‌ಬಿಎಲ್‌ಕೆ ಮೂರು ಸಲ ಮಾಡಿ, ತಯಾರಕರು ಕೊಟ್ಟ ಸೀರಿಯಲ್ ನಂಬರನ್ನು ಡಿಸ್ಕಿನ ಬೆನ್ನ ಮೇಲಿನ ಚೀಟಿಗೆ ಹೋಲಿಸಿ, ಜೋರಾಗಿ ಓದಿ ಹೇಳಿ ಆಮೇಲೆ ಒತ್ತಿದೆ. ಅವನು ನಗಲಿಲ್ಲ. ಇದಕ್ಕಾಗಿ ಅವನಿಗೆ ನಾನು ಇಂದಿಗೂ ಋಣಿ.

ನಕಲು ಮುಗಿಯುವ ಹೊತ್ತಿಗೆ ಸರಿರಾತ್ರಿ ದಾಟಿತ್ತು. ಟೆಸ್ಟ್‌ಡಿಸ್ಕ್ ಶುರುಮಾಡಿದೆವು. ಹುಡುಕಾಟದ ಶೇಕಡಾವಾರು ನಿಧಾನವಾಗಿ ಏರುತ್ತಿತ್ತು. ಡಿಸ್ಕಿನ ಮೊದಲ ಹೋಳು 300 ಜಿಬಿಯದ್ದು. ಅದರಲ್ಲಿದ್ದದ್ದು ಪಿಡಿಎಫ್‌ಗಳು, ಸಿನಿಮಾಗಳು. ನಾನು ಸುರಿದ 900 ಎಂಬಿ ಬಿದ್ದದ್ದು ಅದರ ತಲೆಯ ಮೇಲೆ. ರೆಕಾರ್ಡಿಂಗುಗಳು ಎರಡನೇ ಹೋಳಿನಲ್ಲಿ. ಅದು ಸುರಕ್ಷಿತವಾಗಿರಲೇಬೇಕು ಎಂದು ಲೆಕ್ಕ ಹೇಳುತ್ತಿತ್ತು. ಲೆಕ್ಕ ಹೇಳುವುದನ್ನು ಹೊಟ್ಟೆ ಕೇಳುವುದಿಲ್ಲ.

ಮೂರು ಗಂಟೆಯ ಸುಮಾರಿಗೆ ಆ ಸಾಲು ಬಂತು. ಲಿನಕ್ಸ್ ಪಾರ್ಟಿಷನ್, ಆರಂಭ 62,91,47,648ನೇ ಸೆಕ್ಟರ್.

ಹುಡುಗ ಕ್ಯಾಲ್ಕುಲೇಟರಿನಲ್ಲಿ ಅದನ್ನು 512ರಿಂದ ಗುಣಿಸಿದ. 3,22,12,35,95,776. ನಕಲು ಫೈಲಿನ ಆರಂಭದಿಂದ ಇಷ್ಟು ಬೈಟು ಬಿಟ್ಟು ಅಲ್ಲಿಂದ ಓದು, ಏನನ್ನೂ ಬರೆಯಬೇಡ ಎಂದು ಹೇಳಿ ಮೌಂಟ್ ಮಾಡಬೇಕು. ಟೈಪ್ ಮಾಡಿದೆವು. ಪರದೆ ಏನೂ ಹೇಳಲಿಲ್ಲ. ಈ ಕಪ್ಪು ಪರದೆಯಲ್ಲಿ ಮೌನ ಎಂದರೆ ಕೆಲಸವಾಯಿತು ಎಂದರ್ಥ. 'ಎಲ್‌ಎಸ್' ಎಂದು ಬರೆದಾಗ ಊರುಗಳ ಹೆಸರುಗಳು ಒಂದರ ಕೆಳಗೊಂದು ಬಂದವು.

ಅಜ್ಜಿಯ ಊರಿನ ಫೋಲ್ಡರ್ ತೆರೆದು ಮೂಲ ಫೈಲೊಂದನ್ನು ಹಚ್ಚಿದೆ. ಮೊದಲು ಗಾಳಿಯ ಸದ್ದು. ಆಮೇಲೆ ಅಂಗಳಕ್ಕೆ ಹರವಿದ ರಾಗಿಗೆ ಬಾಯಿ ಹಾಕಿದ ಕೋಳಿಯನ್ನು ಅಜ್ಜಿ ಬೈಯುವುದು. ಊಟ ಮಾಡಿಯೇ ಹೋಗಬೇಕು ಎಂದು ನನಗೆ ಹೇಳುವುದು. ಸೊಸೆಯನ್ನು ಕರೆದು, ಈ ಮಗಾ ತುಪ್ಪ ತಿನ್ನಕಿಲ್ಲ ಕಣೆ, ಅದಕ್ಕೇ ಹಿಂಗದೆ, ಎನ್ನುವುದು. ಹುಡುಗ ನಗುತ್ತಿದ್ದ. ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ತಾವು ಮದುವೆಯಾಗಿ ಆ ಊರಿಗೆ ಗಾಡಿಯಲ್ಲಿ ಬಂದ ದಿನದ ಕಥೆ ಶುರುಮಾಡಿದರು. ದಾರಿಯಲ್ಲಿ ಹಳ್ಳ ತುಂಬಿತ್ತು ಎಂದರು. ಅಲ್ಲಿಗೆ ಇನ್ನೊಂದು ದನಿ ಬಂತು.

"ಅಜ್ಜಿ, ಅದು ಇರಲಿ, ಆ ನಾಟಿ ಪದ ಹೇಳಿಬಿಡಿ. ಬ್ಯಾಟರಿ ಖಾಲಿ ಆಗುತ್ತೆ."

ಅದು ನನ್ನ ದನಿ. ಅಜ್ಜಿ "ಹೂಂ ಹೂಂ" ಎಂದು ಕಥೆ ಬಿಟ್ಟು ಪದ ಶುರುಮಾಡಿದರು. ಹಳ್ಳ ದಾಟಿದರೋ, ಆ ದಿನ ಅಲ್ಲೇ ಉಳಿದರೋ ನನಗೆ ತಿಳಿಯಲಿಲ್ಲ. ಅದು ಯಾವ ಸೆಕ್ಟರಿನಲ್ಲೂ ಇಲ್ಲ. ಯಾವ ತಂತ್ರಾಂಶವೂ ಹುಡುಕಿಕೊಡಲಾರದು, ಯಾಕೆಂದರೆ ಅದನ್ನು ಯಾರೂ ಅಳಿಸಿಲ್ಲ. ಹೇಳಲು ನಾನು ಬಿಡಲಿಲ್ಲ. ಹನ್ನೊಂದು ಗಂಟೆಯಲ್ಲಿ ಇಂಥ ಜಾಗಗಳು ಎಷ್ಟು ಎಂದು ಆಮೇಲೆ ಕೂತು ಎಣಿಸಿದೆ. ಹದಿನಾಲ್ಕು.

ಈಗ ನನ್ನ ಹತ್ತಿರ ಎಲ್ಲದರ ಮೂರು ಪ್ರತಿ ಇದೆ. ಒಂದು ಹಾಸ್ಟೆಲಿನಲ್ಲಿ, ಒಂದು ವಿಭಾಗದಲ್ಲಿ, ಒಂದು ಊರಲ್ಲಿ ಅಮ್ಮನ ಬೀರುವಿನಲ್ಲಿ. ಪ್ರತಿ ಡಿಸ್ಕಿಗೂ ಕಾಗದದ ಚೀಟಿ ಅಂಟಿಸಿ ಯುಯುಐಡಿಯ ಕೊನೆಯ ನಾಲ್ಕು ಅಕ್ಷರ ಬರೆದಿದ್ದೇನೆ. ಡಿಡಿ ಬಳಸುವುದನ್ನು ಬಿಟ್ಟಿಲ್ಲ. ಆದರೆ ಹಳೆಯ ಸಾಲನ್ನು ಬಾಣದ ಕೀಲಿಯಿಂದ ತರುವುದನ್ನು ಬಿಟ್ಟಿದ್ದೇನೆ, ಪ್ರತಿ ಸಲ ಹೊಸದಾಗಿ ಬರೆಯುತ್ತೇನೆ. ಮತ್ತು ಫೀಲ್ಡ್‌ವರ್ಕಿಗೆ ಹೋಗುವಾಗ ಎರಡು ಜೊತೆ ಬ್ಯಾಟರಿ ಹೆಚ್ಚಿಗೆ ಒಯ್ಯುತ್ತೇನೆ.

ಮಾತು ಕೊಟ್ಟ ತಿಂಗಳು ಕಳೆದಿತ್ತು, ಆದರೂ ಹೋದೆ. ಅವರ ಮನೆಯ ಟಿವಿಗೆ ಸಿಕ್ಕಿಸಬಹುದಾದ ಪೆನ್‌ಡ್ರೈವಿಗೆ ಎಲ್ಲವನ್ನೂ ಎಂಪಿ3 ಮಾಡಿ ಹಾಕಿಕೊಂಡಿದ್ದೆ. ಡಿಸ್ಕಿನ ಅವಾಂತರವನ್ನು ಸೊಸೆಗೆ ಹೇಳಿದೆ. ಅವರು ಕೇಳಿಸಿಕೊಂಡು "ಸಿಕ್ತಲ್ಲ ಬಿಡು" ಎಂದರು. ಆ ಹಳ್ಳದ ಕಥೆ ನಿಮಗೆ ಗೊತ್ತೇ ಅಕ್ಕ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನಂಗೂ ಪೂರ್ತಿ ಹೇಳಿಲ್ಲ ಕಣವ್ವ" ಎಂದರು.

ಟಿವಿಯ ನೀಲಿ ಪರದೆಯ ಮೇಲೆ ಫೈಲಿನ ಹೆಸರು ಬಂತು. ಗಾಳಿಯ ಸದ್ದು. ಆಮೇಲೆ ಅಜ್ಜಿ ಕೋಳಿಗೆ ಬೈದರು. ಬಾಗಿಲ ಹತ್ತಿರ ಆಡುತ್ತಿದ್ದ ಮೊಮ್ಮಗಳು ಟಿವಿಯ ಕಡೆ ನೋಡಲಿಲ್ಲ, ಎದ್ದು ಅಂಗಳಕ್ಕೆ ಓಡಿದಳು. ಎಲ್ಲಿ ಅಂತ ಹುಡುಕಿ, ಸ್ವಲ್ಪ ಹೊತ್ತಾದ ಮೇಲೆ ವಾಪಸ್ಸು ಬಂದಳು.